ಲಸಿಕೆಯ ಲೆಕ್ಕಪುಸ್ತಕ

ರೋಗವನ್ನು ತಡೆಗಟ್ಟುವ ಕಾರ್ಯಕ್ಕೆ ಎರಡು ಅಂಗಗಳಿವೆ. ರೋಗನಿರೋಧಕ ಶಕ್ತಿಯನ್ನು ಕೊಡುವ ಲಸಿಕೆಯನ್ನು ಕಂಡುಹಿಡಿದು ತಯಾರಿಸುವುದು ಒಂದು. ಆ ಲಸಿಕೆ ಯಾರಿಗೆ ತಲುಪಿದೆ, ಯಾರಿಗೆ ತಲುಪಿಲ್ಲ ಎಂಬುದನ್ನು ತಪ್ಪದೆ ಬರೆದಿಡುವುದು ಇನ್ನೊಂದು. ಮೊದಲನೆಯ ಕಾರ್ಯವನ್ನು ಮಾಡಿದ ಎಡ್ವರ್ಡ್ ಜೆನ್ನರ್, ಲೂಯಿ ಪಾಶ್ಚರ್, ಜೋನಾಸ್ ಸಾಲ್ಕ್ ಮೊದಲಾದವರ ಹೆಸರುಗಳನ್ನು ನೀವು ವಿಜ್ಞಾನದ ಪಾಠಗಳಲ್ಲಿ ಓದಿದ್ದೀರಿ. ಎರಡನೆಯ ಕಾರ್ಯವನ್ನು ಮಾಡಿದವರು ಊರೂರು ತಿರುಗಿದ ಆರೋಗ್ಯ ಸಹಾಯಕಿಯರು, ದಾದಿಯರು, ಗುಮಾಸ್ತರು. ಅವರ ಹೆಸರುಗಳನ್ನು ಯಾವ ಗ್ರಂಥವೂ ಹೇಳುವುದಿಲ್ಲ. ಆದರೂ ಈ ಎರಡನೆಯ ಕಾರ್ಯ ನಡೆಯದಿದ್ದರೆ ಮೊದಲನೆಯದು ಶೀಶೆಯೊಳಗೇ ಉಳಿದುಬಿಡುತ್ತದೆ. ಮರೆಯಲ್ಲಿ ನಿಂತಿರುವ ಈ ಎರಡನೆಯ ಕಾರ್ಯ ಹೇಗೆ ಬೆಳೆದುಬಂದಿತು, ಇಂದು ಅದು ಅಂತರಜಾಲದ ನೆರವಿನಿಂದ ಹೇಗೆ ನಡೆಯುತ್ತಿದೆ ಎಂಬುದೇ ಈ ಪಾಠದ ವಿಷಯ.

ಅಂಗಡಿಯವನು ಕಿರ್ದಿ ಪುಸ್ತಕವನ್ನು ಇಡುತ್ತಾನೆ. ಗ್ರಾಮಲೆಕ್ಕಿಗರು ಜಮೀನಿನ ಪಹಣಿಯನ್ನು ಇಡುತ್ತಿದ್ದರು. ಶಾಲೆಯಲ್ಲಿ ಉಪಾಧ್ಯಾಯರು ಹಾಜರಿ ಪುಸ್ತಕವನ್ನು ಇಡುತ್ತಾರೆ. ಹಾಜರಿ ಪುಸ್ತಕದ ಪ್ರಯೋಜನವೇನು ಎಂದು ಕ್ಷಣಕಾಲ ಯೋಚಿಸಿ. ತರಗತಿಯಲ್ಲಿ ಕುಳಿತಿರುವ ಮಕ್ಕಳು ಉಪಾಧ್ಯಾಯರ ಕಣ್ಣಿಗೆ ಕಾಣುತ್ತಲೇ ಇರುತ್ತಾರೆ. ಅವರನ್ನು ತಿಳಿಯಲು ಪುಸ್ತಕ ಬೇಕಾಗಿಲ್ಲ. ಬಾರದೆ ಉಳಿದ ಮಗು ಯಾವುದು ಎಂಬುದನ್ನು ತಿಳಿಯುವುದಕ್ಕಾಗಿಯೇ ಹೆಸರು ಕೂಗಬೇಕಾಗುತ್ತದೆ. ಲಸಿಕೆಯ ಲೆಕ್ಕವೂ ಇದೇ ಬಗೆಯದು. ಕೇಂದ್ರಕ್ಕೆ ಬಂದು ಲಸಿಕೆ ಹಾಕಿಸಿಕೊಂಡ ಮಗುವಿಗೆ ರಕ್ಷಣೆ ದೊರೆತಾಯಿತು. ಬಾರದೆ ಉಳಿದ ಮಗುವನ್ನು ಹೆಸರು ಹಿಡಿದು ಹುಡುಕುವುದಕ್ಕಾಗಿಯೇ ಲೆಕ್ಕಪುಸ್ತಕ ಹುಟ್ಟಿಕೊಂಡಿತು.

ಮೊದಮೊದಲು ಈ ಲೆಕ್ಕ ಇಷ್ಟು ಕಷ್ಟದ್ದಾಗಿರಲಿಲ್ಲ. ೧೭೯೬ರಲ್ಲಿ ಜೆನ್ನರನು ಹಸುವಿನ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿಕೊಟ್ಟನು. ಆ ಲಸಿಕೆಯು ತೋಳಿನ ಮೇಲೆ ಒಂದು ಕಲೆಯನ್ನು ಉಳಿಸಿಹೋಗುತ್ತಿತ್ತು. ಕಲೆಯಿದ್ದವರಿಗೆ ಲಸಿಕೆಯಾಗಿದೆ, ಇಲ್ಲದವರಿಗೆ ಆಗಿಲ್ಲ. ಹೀಗೆ ಮನುಷ್ಯನ ಮೈಯೇ ಅವನ ದಾಖಲೆಯಾಗಿತ್ತು. ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ಅವರ ತೋಳನ್ನು ನೋಡಿ. ಆ ವೃತ್ತಾಕಾರದ ಕಲೆ ಇಂದಿಗೂ ಮಾಸದೆ ಉಳಿದಿರಬಹುದು. ಆದರೂ ಕಲೆಯೊಂದನ್ನೇ ನಂಬಿದರೆ ಸಾಲದೆಂಬುದು ಬಹುಬೇಗ ಅರಿವಾಯಿತು. ಇಂಗ್ಲೆಂಡಿನಲ್ಲಿ ೧೮೫೩ರಲ್ಲಿ ಶಿಶುಗಳಿಗೆ ಸಿಡುಬಿನ ಲಸಿಕೆಯನ್ನು ಕಡ್ಡಾಯ ಮಾಡಿದಾಗ, ಜನನದ ನೋಂದಣಿಯೊಡನೆ ಲಸಿಕೆಯ ನೋಂದಣಿಯನ್ನೂ ಬೆಸೆಯಲಾಯಿತು. ಹುಟ್ಟಿದವರ ಪಟ್ಟಿ ಕೈಯಲ್ಲಿದ್ದರೆ ಮಾತ್ರ ಲಸಿಕೆ ಪಡೆಯದವರ ಪಟ್ಟಿ ದೊರೆಯುತ್ತದೆ ಎಂಬ ಸರಳ ಸತ್ಯ ಅದರಲ್ಲಿ ಅಡಗಿತ್ತು.

ಸಿಡುಬಿನ ಮೇಲೆ ಮಾನವಕುಲ ಸಾಧಿಸಿದ ಜಯದಲ್ಲಿಯೂ ಲೆಕ್ಕದ ಪಾತ್ರ ಹಿರಿದು. ನಮ್ಮ ದೇಶದಲ್ಲಿ ದಶಕಗಳ ಕಾಲ ಕೋಟ್ಯಂತರ ಜನರಿಗೆ ಲಸಿಕೆ ಹಾಕಿದರೂ ಸಿಡುಬು ಅಳಿಯಲಿಲ್ಲ. ಲಸಿಕೆಯ ಸಂಖ್ಯೆ ದೊಡ್ಡದಿದ್ದರೂ ತಪ್ಪಿಸಿಕೊಂಡವರು ಎಲ್ಲಿದ್ದಾರೆಂಬುದು ತಿಳಿಯುತ್ತಿರಲಿಲ್ಲ. ೧೯೭೦ರ ದಶಕದಲ್ಲಿ ಕ್ರಮ ಬದಲಾಯಿತು. ಆರೋಗ್ಯ ಕಾರ್ಯಕರ್ತರು ಸಿಡುಬಿನ ರೋಗಿಯ ಚಿತ್ರವನ್ನು ಕೈಯಲ್ಲಿ ಹಿಡಿದು ಮನೆಮನೆಗೆ ಹೋಗಿ ವಿಚಾರಿಸಿದರು. ರೋಗ ಕಂಡ ಮನೆಯ ಸುತ್ತಲಿನವರನ್ನೆಲ್ಲ ಪಟ್ಟಿಮಾಡಿ ಲಸಿಕೆ ಹಾಕಿದರು. ೧೯೭೫ರ ಮೇ ತಿಂಗಳ ಅನಂತರ ಭಾರತದಲ್ಲಿ ಸಿಡುಬಿನ ಒಂದು ಪ್ರಕರಣವೂ ಕಾಣಲಿಲ್ಲ. ೧೯೮೦ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಭೂಮಿಯಿಂದಲೇ ಸಿಡುಬು ನಿರ್ಮೂಲವಾಯಿತೆಂದು ಸಾರಿತು.

ಪೋಲಿಯೋ ವಿರುದ್ಧದ ಹೋರಾಟದಲ್ಲಿ ಇನ್ನೊಂದು ಬಗೆಯ ಲೆಕ್ಕ ಬಳಕೆಗೆ ಬಂದಿತು. ಪೋಲಿಯೋ ಹನಿ ಮೈಮೇಲೆ ಯಾವ ಗುರುತನ್ನೂ ಬಿಡುವುದಿಲ್ಲ. ಆದ್ದರಿಂದ ೧೯೯೫ರಲ್ಲಿ ಆರಂಭವಾದ ಪಲ್ಸ್ ಪೋಲಿಯೋ ಕಾರ್ಯಕ್ರಮದಲ್ಲಿ ಹನಿ ಕುಡಿದ ಮಗುವಿನ ಎಡಗೈ ಕಿರುಬೆರಳಿಗೆ ಮಸಿಯ ಗುರುತು ಹಾಕುವ ಪದ್ಧತಿ ಬಂದಿತು. ಕಾರ್ಯಕರ್ತೆಯರು ಮನೆಯ ಗೋಡೆಯ ಮೇಲೆಯೂ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಎಲ್ಲ ಮಕ್ಕಳೂ ಹನಿ ಕುಡಿದ ಮನೆಗೆ 'ಪಿ' ಎಂಬ ಅಕ್ಷರ, ಯಾವುದಾದರೂ ಮಗು ತಪ್ಪಿಸಿಕೊಂಡ ಮನೆಗೆ 'ಎಕ್ಸ್' ಎಂಬ ಅಕ್ಷರ. 'ಎಕ್ಸ್' ಇದ್ದ ಮನೆಗೆ ಮತ್ತೆ ಹೋಗಬೇಕು. ಅದು 'ಪಿ' ಆಗುವವರೆಗೂ ಬಿಡುವಂತಿಲ್ಲ. ೨೦೧೧ರ ಜನವರಿ ೧೩ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡ ಪ್ರಕರಣವೇ ನಮ್ಮ ದೇಶದಲ್ಲಿ ನಿಸರ್ಗಜನ್ಯ ಪೋಲಿಯೋ ವೈರಾಣುವಿನ ಕಡೆಯ ಪ್ರಕರಣವಾಯಿತು. ೨೦೧೪ರ ಮಾರ್ಚ್ ೨೭ರಂದು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೋ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಆ ಕೀರ್ತಿಯಲ್ಲಿ ಗೋಡೆಯ ಮೇಲಿನ ಸೀಮೆಸುಣ್ಣದ ಅಕ್ಷರಕ್ಕೂ ಒಂದು ಪಾಲಿದೆ.

ಆದರೆ ತೋಳಿನ ಕಲೆ, ಬೆರಳಿನ ಮಸಿ, ಗೋಡೆಯ ಅಕ್ಷರ ಇವೆಲ್ಲವೂ ಒಂದೇ ಲಸಿಕೆಯ ಲೆಕ್ಕಕ್ಕೆ ಒಪ್ಪುವಂಥವು. ಇಂದಿನ ಮಗುವಿಗೆ ಬೇಕಾದ ಲೆಕ್ಕ ಬೇರೆ. ಭಾರತದಲ್ಲಿ ೧೯೭೮ರಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮವೂ, ೧೯೮೫ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವೂ ಆರಂಭವಾದವು. ಇಂದು ಈ ಕಾರ್ಯಕ್ರಮದ ಮೂಲಕ ಕ್ಷಯ, ಪೋಲಿಯೋ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ದಡಾರ, ರುಬೆಲ್ಲಾ, ಹೆಪಟೈಟಿಸ್-ಬಿ ಮುಂತಾದ ಹನ್ನೆರಡು ರೋಗಗಳಿಗೆ ತಡೆಯೊಡ್ಡುವ ಲಸಿಕೆಗಳನ್ನು ಉಚಿತವಾಗಿ ಕೊಡಲಾಗುತ್ತದೆ. ಇವುಗಳಲ್ಲಿ ಮಿದುಳು ಜ್ವರದ ಲಸಿಕೆಯನ್ನು ಆ ರೋಗ ಕಾಣುವ ಜಿಲ್ಲೆಗಳಲ್ಲಿ ಮಾತ್ರ ಕೊಡುತ್ತಾರೆ.

ಈ ಲಸಿಕೆಗಳನ್ನು ಒಮ್ಮೆಗೇ ಹಾಕಿ ಮುಗಿಸುವಂತಿಲ್ಲ. ಹುಟ್ಟಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಹೆಪಟೈಟಿಸ್-ಬಿ ಲಸಿಕೆಯ ಮೊದಲ ಡೋಸು ಬೀಳಬೇಕು. ಅದರೊಡನೆ ಕ್ಷಯದ ಬಿ.ಸಿ.ಜಿ. ಲಸಿಕೆಯೂ ಪೋಲಿಯೋ ಹನಿಯೂ ಉಂಟು. ಆರನೆಯ, ಹತ್ತನೆಯ, ಹದಿನಾಲ್ಕನೆಯ ವಾರಗಳಲ್ಲಿ ಐದು ರೋಗಗಳನ್ನು ಒಟ್ಟಿಗೆ ತಡೆಯುವ ಪೆಂಟಾವೇಲೆಂಟ್ ಲಸಿಕೆ ಮತ್ತು ಅದರ ಜೊತೆಯ ಬೇರೆ ಲಸಿಕೆಗಳು. ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ ಲಸಿಕೆ; ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಅದರ ಎರಡನೆಯ ಡೋಸು. ಐದಾರು ವರ್ಷಕ್ಕೆ ಒಂದು, ಹತ್ತು ವರ್ಷಕ್ಕೆ ಒಂದು, ಹದಿನಾರು ವರ್ಷಕ್ಕೆ ಇನ್ನೊಂದು. ಇಷ್ಟನ್ನೂ ತಾಯಿಯೊಬ್ಬಳು ಬಾಯಿಪಾಠ ಮಾಡಿ ನೆನಪಿಡಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಬಿ.ಸಿ.ಜಿ. ಲಸಿಕೆಯೊಂದು ಸಾಮಾನ್ಯವಾಗಿ ತೋಳಿನ ಮೇಲೆ ಕಲೆ ಬಿಡುತ್ತದೆಯೇ ಹೊರತು, ಉಳಿದವು ಗುರುತು ಉಳಿಸುವುದಿಲ್ಲ. ಮಗುವನ್ನು ನೋಡಿದ ಮಾತ್ರಕ್ಕೆ ಅದಕ್ಕೆ ಎಷ್ಟನೆಯ ಡೋಸು ಆಗಿದೆಯೆಂದು ಯಾವ ವೈದ್ಯರೂ ಹೇಳಲಾರರು.

ಈ ತೊಡಕಿಗೆ ಪರಿಹಾರವಾಗಿ ಬಂದುದು ಕಾಗದದ ದಾಖಲೆ. ನಮ್ಮ ನಾಡಿನಲ್ಲಿ ಗರ್ಭಿಣಿಯ ನೋಂದಣಿಯಾದಾಗ ಕೊಡುವ 'ತಾಯಿ ಕಾರ್ಡ್' ನಿಮ್ಮಲ್ಲಿ ಹಲವರ ಮನೆಗಳಲ್ಲಿ ಇರಬಹುದು. ಅದರ ಒಂದು ಪ್ರತಿರೂಪ ಆರೋಗ್ಯ ಉಪಕೇಂದ್ರದ ದೊಡ್ಡ ವಹಿಯಲ್ಲಿರುತ್ತದೆ. ಆ ವಹಿಯನ್ನು ನೋಡಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯು ಮುಂದಿನ ಲಸಿಕಾ ದಿನದಂದು ಬರಬೇಕಾದ ಮಕ್ಕಳ ಪಟ್ಟಿಯನ್ನು ಬರೆಯುತ್ತಾಳೆ. ಆಶಾ ಕಾರ್ಯಕರ್ತೆಯು ಆ ಪಟ್ಟಿಯನ್ನು ಹಿಡಿದು ಮನೆಮನೆಗೆ ಹೋಗಿ, 'ನಾಳೆ ಅಂಗನವಾಡಿಗೆ ಮಗುವನ್ನು ಕರೆತನ್ನಿ, ಅಕ್ಕಾ' ಎಂದು ತಿಳಿಸಿಬರುತ್ತಾಳೆ. ಈ ವ್ಯವಸ್ಥೆ ದಶಕಗಳ ಕಾಲ ನಡೆದಿದೆ. ಅನೇಕ ಜೀವಗಳನ್ನು ಉಳಿಸಿದೆ. ಅದನ್ನು ಹಗುರಾಗಿ ಕಾಣುವುದು ಸಲ್ಲದು.

ಆದರೂ ವಹಿಗೆ ಒಂದು ಮಿತಿಯುಂಟು: ಅದು ತನ್ನ ಊರನ್ನು ಬಿಟ್ಟು ಕದಲುವುದಿಲ್ಲ, ಮಗು ಕದಲುತ್ತದೆ. ನಮ್ಮ ಸಂಪ್ರದಾಯವನ್ನೇ ನೋಡಿ. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಬಾಣಂತನ ಮುಗಿಸಿಕೊಂಡು ಮೂರು ತಿಂಗಳಿಗೋ ಐದು ತಿಂಗಳಿಗೋ ಗಂಡನ ಮನೆಗೆ ಮರಳುತ್ತಾಳೆ. ಆರು, ಹತ್ತು, ಹದಿನಾಲ್ಕು ವಾರಗಳ ಲಸಿಕೆಗಳು ಬೀಳಬೇಕಾದುದು ಸರಿಯಾಗಿ ಈ ಅವಧಿಯಲ್ಲಿಯೇ. ಗರ್ಭಿಣಿಯಾಗಿ ಅವಳ ಹೆಸರು ದಾಖಲಾದುದು ಗಂಡನ ಊರಿನ ವಹಿಯಲ್ಲಿ. ಹೆರಿಗೆಯಾದುದು ತವರಿನ ತಾಲ್ಲೂಕು ಆಸ್ಪತ್ರೆಯಲ್ಲಿ. ಮೊದಲೆರಡು ಚುಚ್ಚುಮದ್ದು ಬಿದ್ದುದು ತವರೂರಿನ ಅಂಗನವಾಡಿಯಲ್ಲಿ. ಗಂಡನ ಊರಿನ ವಹಿಯಲ್ಲಿ ಈ ಮಗುವಿನ ಸಾಲು ಖಾಲಿಯಾಗಿಯೇ ಉಳಿಯುತ್ತದೆ. ತವರಿನ ವಹಿಯಲ್ಲಿ ಎರಡು ಮನೆ ತುಂಬಿ, ಮೂರನೆಯದು ಖಾಲಿಯಾಗಿ ನಿಲ್ಲುತ್ತದೆ. ಆ ಖಾಲಿ ಜಾಗ ಕಂಡ ಸಹಾಯಕಿಗೆ ಮಗು ಊರು ಬಿಟ್ಟಿತೋ, ಲಸಿಕೆ ಬಿಟ್ಟಿತೋ ತಿಳಿಯದು. ನಡುವೆ ಕಾರ್ಡು ಕಳೆದುಹೋದರಂತೂ ಎರಡು ಊರುಗಳ ವಹಿಗಳ ನಡುವಿನ ಏಕೈಕ ಕೊಂಡಿಯೇ ಕಳಚಿದಂತೆ.

ಬದುಕನ್ನು ಅರಸಿ ಊರು ಬಿಡುವವರ ಪಾಡು ಇದಕ್ಕಿಂತ ಕಠಿಣವಾದುದು. ಕಲಬುರಗಿ, ಯಾದಗಿರಿ, ರಾಯಚೂರು ಸೀಮೆಗಳಿಂದ ಎಷ್ಟೋ ಕುಟುಂಬಗಳು ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಬರುತ್ತವೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕುಟುಂಬಗಳು ಕಬ್ಬು ಕಡಿಯುವ ಕಾಲಕ್ಕೆ ನಮ್ಮ ಗಡಿ ಜಿಲ್ಲೆಗಳಿಗೂ ಬಂದು ಗುಡಿಸಲು ಹಾಕುತ್ತವೆ. ತಾಯಿಯ ಬೆನ್ನಿಗೆ ಕಟ್ಟಿದ ಕೂಸೂ ಅವರೊಡನೆ ಬರುತ್ತದೆ. ಹುಟ್ಟಿದ ಊರಿನ ವಹಿಯಲ್ಲಿ ಅದು 'ಊರಲ್ಲಿಲ್ಲ'. ಬಂದ ಊರಿನ ವಹಿಯಲ್ಲಿ ಅದು 'ನಮ್ಮ ಊರಿನದಲ್ಲ'. ಎರಡು ಪುಸ್ತಕಗಳ ನಡುವಿನ ಈ ಸಂದಿಯಲ್ಲಿ ಜಾರಿಬಿದ್ದ ಮಗುವನ್ನೇ ರೋಗ ಮೊದಲು ಹುಡುಕಿಕೊಂಡು ಬರುತ್ತದೆ.

ಈ ತೊಂದರೆ ನಮಗೆ ಮಾತ್ರ ಬಂದುದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ೧೯೮೯ರಿಂದ ೧೯೯೧ರವರೆಗೆ ದಡಾರವು ಮರುಕಳಿಸಿತು. ಸುಮಾರು ೫೫,೦೦೦ ಮಂದಿಗೆ ರೋಗ ತಗುಲಿತು; ನೂರಕ್ಕೂ ಹೆಚ್ಚು ಮಂದಿ ಮಡಿದರು. ಒಳ್ಳೆಯ ಲಸಿಕೆ ಅಲ್ಲಿ ಅಂದಿಗೆ ಎರಡು ದಶಕಗಳಿಗೂ ಮೊದಲಿನಿಂದಲೇ ಬಳಕೆಯಲ್ಲಿತ್ತು. ಆದರೆ ಶಾಲೆಗೆ ಸೇರುವ ವಯಸ್ಸಿಗೆ ಮೊದಲು ಯಾವ ಮಗುವಿಗೆ ಲಸಿಕೆ ತಪ್ಪಿದೆಯೆಂದು ಸಕಾಲದಲ್ಲಿ ತಿಳಿಸುವ ಏರ್ಪಾಡು ಇರಲಿಲ್ಲ. ಈ ಪೆಟ್ಟು ತಿಂದ ಮೇಲೆ ಅಲ್ಲಿಯ ರಾಜ್ಯಗಳೂ ನಗರಗಳೂ ಗಣಕಯಂತ್ರದಲ್ಲಿ ಲಸಿಕೆಯ ನೋಂದಣಿಯನ್ನು ಇಡುವ ಕೆಲಸವನ್ನು ಚುರುಕುಗೊಳಿಸಿದವು. ಆಸ್ಟ್ರೇಲಿಯವು ೧೯೯೬ರಲ್ಲಿ ದೇಶದ ಎಲ್ಲ ಎಳೆಯ ಮಕ್ಕಳಿಗೂ ಸೇರಿ ಒಂದೇ ಲಸಿಕಾ ನೋಂದಣಿಯನ್ನು ತೆರೆಯಿತು. ೨೦೧೬ರಲ್ಲಿ ಅದನ್ನು ಎಲ್ಲ ವಯಸ್ಸಿನವರಿಗೂ ವಿಸ್ತರಿಸಿತು.

ಭಾರತದಲ್ಲಿ ಈ ದಾರಿಯ ಮೊದಲ ಹೆಜ್ಜೆ ೨೦೦೯ರಲ್ಲಿ ಆರಂಭವಾದ ತಾಯಿ ಮತ್ತು ಮಗುವಿನ ಜಾಡು ಹಿಡಿಯುವ ವ್ಯವಸ್ಥೆ. ಪ್ರತಿ ಗರ್ಭಿಣಿಯನ್ನೂ ಪ್ರತಿ ಶಿಶುವನ್ನೂ ಹೆಸರು ಹಿಡಿದು ಗಣಕಯಂತ್ರದಲ್ಲಿ ದಾಖಲಿಸಲು ಅದು ತೊಡಗಿತು. ಇತ್ತ ೨೦೧೫ರ ಸುಮಾರಿಗೆ 'ಇ-ವಿನ್' ಎಂಬ ಇನ್ನೊಂದು ವ್ಯವಸ್ಥೆ ಬಂದಿತು. ಯಾವ ದಾಸ್ತಾನು ಕೇಂದ್ರದಲ್ಲಿ ಎಷ್ಟು ಲಸಿಕೆಯಿದೆ, ಅಲ್ಲಿನ ಶೀತಲ ಪೆಟ್ಟಿಗೆಯ ಉಷ್ಣತೆ ೨ರಿಂದ ೮ ಡಿಗ್ರಿ ಸೆಲ್ಸಿಯಸ್ಸಿನ ಮಿತಿಯಲ್ಲಿದೆಯೇ ಎಂಬುದನ್ನು ಅದು ನೋಡಿಕೊಳ್ಳುತ್ತದೆ. ೨೦೨೧ರ ಜನವರಿ ೧೬ರಂದು ಕೋವಿಡ್ ಲಸಿಕೆಯ ಅಭಿಯಾನ ಆರಂಭವಾದಾಗ 'ಕೋವಿನ್' ಎಂಬ ಅಂತರಜಾಲ ವ್ಯವಸ್ಥೆ ಬಳಕೆಗೆ ಬಂದಿತು. ೨೦೨೨ರ ಜುಲೈ ತಿಂಗಳ ಹೊತ್ತಿಗೆ ದೇಶದಲ್ಲಿ ೨೦೦ ಕೋಟಿ ಡೋಸುಗಳ ಲೆಕ್ಕ ಅದರಲ್ಲಿ ಸೇರಿತು. ಈ ಅನುಭವವನ್ನು ಮಕ್ಕಳ ನಿತ್ಯದ ಲಸಿಕೆಗಳಿಗೂ ಅನ್ವಯಿಸಬೇಕೆಂದು ರೂಪಿಸಿದುದೇ 'ಯು-ವಿನ್'. ಅದನ್ನು ೨೦೨೩ರಲ್ಲಿ ಆಯ್ದ ಜಿಲ್ಲೆಗಳಲ್ಲಿ ಪ್ರಯೋಗಿಸಿ, ೨೦೨೪ರ ಅಕ್ಟೋಬರ್ ೨೯ರಂದು ಇಡೀ ದೇಶಕ್ಕೆ ಅರ್ಪಿಸಲಾಯಿತು.

ಇಂಥ ಅಂತರಜಾಲ ನೋಂದಣಿ ಕೆಲಸ ಮಾಡುವ ಬಗೆ ಹೀಗಿದೆ. ಗರ್ಭಿಣಿಯ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಆರೋಗ್ಯ ಸಹಾಯಕಿಯು ತನ್ನ ಕೈಯಲ್ಲಿರುವ ಮೊಬೈಲಿನಲ್ಲಿಯೋ ಕೇಂದ್ರದ ಗಣಕಯಂತ್ರದಲ್ಲಿಯೋ ದಾಖಲಿಸುತ್ತಾಳೆ. ಹೆರಿಗೆಯಾದಾಗ ಮಗುವಿನ ದಾಖಲೆಯು ತಾಯಿಯ ದಾಖಲೆಗೆ ಜೋಡಣೆಯಾಗುತ್ತದೆ. ಹುಟ್ಟಿದ ದಿನಾಂಕ ಒಂದು ತಿಳಿದರೆ ಸಾಕು, ಮುಂದಿನ ಲಸಿಕೆಗಳ ದಿನಗಳನ್ನು ಯಂತ್ರವೇ ಎಣಿಸುತ್ತದೆ. ಲಸಿಕಾ ದಿನಕ್ಕೆ ಮೊದಲು ಬರಬೇಕಾದ ಮಕ್ಕಳ ಪಟ್ಟಿಯನ್ನು ಅದು ಸಿದ್ಧಪಡಿಸಿಕೊಡುತ್ತದೆ. ತಾಯಿತಂದೆಯರ ಮೊಬೈಲಿಗೆ ನೆನಪಿನ ಸಂದೇಶವನ್ನು ಕಳುಹಿಸುತ್ತದೆ. ಡೋಸು ಹಾಕಿದೊಡನೆ ಸಹಾಯಕಿಯು ಅದನ್ನು ಗುರುತು ಮಾಡುತ್ತಾಳೆ. ಆ ಗುರುತು ದೇಶದ ಯಾವುದೇ ಸರಕಾರಿ ಲಸಿಕಾ ಕೇಂದ್ರದಲ್ಲಿ ಕಾಣಸಿಗುತ್ತದೆ. ತಾಯಿತಂದೆಯರು ಪ್ರಮಾಣಪತ್ರವನ್ನು ತಾವೇ ಪಡೆದುಕೊಳ್ಳಬಹುದು. ಕಾರ್ಡು ಮಳೆಗೆ ನೆನೆದರೂ, ಇಲಿ ಕಡಿದರೂ, ದಾಖಲೆ ಅಳಿಯುವುದಿಲ್ಲ.

ಈಗ ತವರಿನಿಂದ ಮರಳಿದ ಆ ಬಾಣಂತಿಯನ್ನು ನೆನೆಯಿರಿ. ಗಂಡನ ಊರಿನ ಸಹಾಯಕಿಯು ಅವಳ ದೂರವಾಣಿ ಸಂಖ್ಯೆಯಿಂದ ಹುಡುಕಿದರೆ, ತವರಿನಲ್ಲಿ ಬಿದ್ದ ಎರಡು ಡೋಸುಗಳೂ ಕಣ್ಣೆದುರಿಗೆ ಬರುತ್ತವೆ. ಮೂರನೆಯದನ್ನು ಹಾಕಿದರಾಯಿತು. ಪೆಂಟಾವೇಲೆಂಟ್ ಲಸಿಕೆಯ ಡೋಸೊಂದು ತಡವಾದರೆ ಮೊದಲಿನಿಂದ ಮತ್ತೆ ಆರಂಭಿಸಬೇಕಾಗಿಲ್ಲ, ಬಿಟ್ಟಲ್ಲಿಂದ ಮುಂದುವರಿಸಬೇಕು. ಆದರೆ ಎಲ್ಲಿ ಬಿಟ್ಟಿತೆಂಬುದು ತಿಳಿದಿರಬೇಕಷ್ಟೆ.

ನೋಂದಣಿಯ ಪ್ರಯೋಜನ ಒಂದು ಮಗುವಿಗೆ ಮುಗಿಯುವುದಿಲ್ಲ. ಅದು ಇಡೀ ಸಮಾಜಕ್ಕೆ ಸಲ್ಲುತ್ತದೆ. ಇದನ್ನು ಒಂದು ಲೆಕ್ಕದಿಂದ ತಿಳಿಯೋಣ. ಒಂದು ಊರಿನಲ್ಲಿ ಇನ್ನೂರು ಮಕ್ಕಳಿದ್ದಾರೆಂದು ಭಾವಿಸಿ. ಅವರಲ್ಲಿ ನೂರ ತೊಂಬತ್ತು ಮಕ್ಕಳಿಗೆ ದಡಾರದ ಲಸಿಕೆಯಾಗಿದೆ. ಅಂದರೆ ನೂರಕ್ಕೆ ತೊಂಬತ್ತೈದು. ದಡಾರ ಹರಡದಂತೆ ತಡೆಯಲು ಬೇಕಾದುದೂ ಸುಮಾರು ಇಷ್ಟೇ ಎಂದು ತಜ್ಞರು ಹೇಳುತ್ತಾರೆ. ಉಳಿದ ಹತ್ತು ಮಕ್ಕಳು ಊರಿನ ಹತ್ತು ಬೀದಿಗಳಲ್ಲಿ ಚದುರಿದ್ದರೆ, ಸುತ್ತಲಿನ ರಕ್ಷಿತ ಮಕ್ಕಳೇ ಅವರಿಗೆ ಬೇಲಿಯಾಗುತ್ತಾರೆ. ಆದರೆ ಆ ಹತ್ತೂ ಮಕ್ಕಳು ಊರಾಚೆಯ ಒಂದೇ ಗುಡಿಸಲು ಸಾಲಿನಲ್ಲಿದ್ದರೆ? ರಕ್ಷಣೆಯಿಲ್ಲದ ಜನರ ನಡುವೆ ದಡಾರದ ಒಬ್ಬ ರೋಗಿಯಿಂದ ಹನ್ನೆರಡರಿಂದ ಹದಿನೆಂಟು ಮಂದಿಗೆ ಸೋಂಕು ತಗುಲಬಹುದು. ಆ ಸಾಲಿಗೆ ರೋಗ ಕಾಲಿಟ್ಟರೆ ಬಹುಶಃ ಒಂದು ಮನೆಯನ್ನೂ ಬಿಡಲಾರದು. ನೂರಕ್ಕೆ ತೊಂಬತ್ತೈದು ಎಂಬ ಅಂಕಿ ಎರಡು ಸಂದರ್ಭಗಳಲ್ಲಿಯೂ ಒಂದೇ. ಅಪಾಯ ಮಾತ್ರ ಒಂದೇ ಅಲ್ಲ.

ಆದ್ದರಿಂದಲೇ ಸಮೀಕ್ಷೆಗೂ ನೋಂದಣಿಗೂ ವ್ಯತ್ಯಾಸವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಪೂರ್ಣ ಲಸಿಕೆ ಪಡೆದವರ ಪ್ರಮಾಣ ೨೦೧೫-೧೬ರಲ್ಲಿ ದೇಶದಲ್ಲಿ ನೂರಕ್ಕೆ ೬೨ ಇದ್ದುದು ೨೦೧೯-೨೧ರಲ್ಲಿ ಸುಮಾರು ೭೬ಕ್ಕೆ ಏರಿತು. ಕರ್ನಾಟಕದಲ್ಲಿ ಅದು ಸುಮಾರು ೮೪ಕ್ಕೆ ಮುಟ್ಟಿತು. ಇದು ಸಂತೋಷದ ಸಂಗತಿಯೇ. ಆದರೆ ಸಮೀಕ್ಷೆಯು ಎಷ್ಟು ಮಂದಿ ಎಂದು ಹೇಳುತ್ತದೆಯೇ ಹೊರತು ಯಾರು ಎಂದು ಹೇಳುವುದಿಲ್ಲ. ಉಳಿದ ಹದಿನಾರು ಮಕ್ಕಳ ಮನೆಬಾಗಿಲಿಗೆ ಹೋಗಬೇಕಾದರೆ ಅವರ ಹೆಸರೂ ಊರೂ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ಅಂದಾಜಿನಂತೆ, ಪೆಂಟಾವೇಲೆಂಟಿನಂಥ ಲಸಿಕೆಯ ಒಂದು ಡೋಸನ್ನೂ ಕಾಣದ ಶಿಶುಗಳು ೨೦೨೩ರಲ್ಲಿ ಭಾರತದಲ್ಲಿ ಸುಮಾರು ೧೬ ಲಕ್ಷ ಇದ್ದರು. ೨೦೨೪ರಲ್ಲಿ ಆ ಸಂಖ್ಯೆ ಸುಮಾರು ೯ ಲಕ್ಷಕ್ಕೆ ಇಳಿಯಿತು. ಒಂಬತ್ತು ಲಕ್ಷವೆಂಬುದು ಒಂದು ಅಂಕಿಯಾಗಿ ಉಳಿದಿರುವವರೆಗೆ ಯಾರೂ ಅದಕ್ಕೆ ಲಸಿಕೆ ಹಾಕಲಾರರು. ಅದು ಒಂಬತ್ತು ಲಕ್ಷ ಹೆಸರುಗಳಾಗಿ, ಒಂದೊಂದು ಹೆಸರೂ ಒಬ್ಬ ಸಹಾಯಕಿಯ ಪಟ್ಟಿಯಲ್ಲಿ ಒಂದು ಸಾಲಾಗಿ ಬಂದಾಗ ಮಾತ್ರ ಕೆಲಸ ಆರಂಭವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಯಂತ್ರವೊಂದು ಬಂದರೆ ಎಲ್ಲವೂ ಸರಿಹೋಗುತ್ತದೆಂದು ಭ್ರಮಿಸಬಾರದು. ಯಂತ್ರಕ್ಕೆ ತಾನಾಗಿ ಏನೂ ತಿಳಿಯದು; ಬರೆದುದನ್ನಷ್ಟೇ ಅದು ಬಲ್ಲದು. ನೋಂದಣಿಯಾಗದ ಗರ್ಭಿಣಿಯ ಮಗು ಅದರ ಪಾಲಿಗೆ ಹುಟ್ಟಿಯೇ ಇಲ್ಲ. ಗುಡಿಸಲಿನಲ್ಲಿ ಹುಟ್ಟಿದ ಆ ಕೂಸನ್ನು ಪಟ್ಟಿಗೆ ತರಬಲ್ಲವಳು ಅಲ್ಲಿಯವರೆಗೆ ನಡೆದು ಹೋಗುವ ಆಶಾ ಕಾರ್ಯಕರ್ತೆ ಮಾತ್ರ. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಮೊಬೈಲು. ಅದೂ ದೂರದ ನಗರದಲ್ಲಿ ದುಡಿಯುವ ತಂದೆಯ ಜೇಬಿನಲ್ಲಿ. ನೆನಪಿನ ಸಂದೇಶ ಅವನಿಗೆ ತಲುಪುತ್ತದೆ, ಮಗುವನ್ನು ಎತ್ತಿಕೊಂಡು ಹೋಗಬೇಕಾದ ತಾಯಿಗೆ ತಲುಪುವುದಿಲ್ಲ. ಮಗು ಹುಟ್ಟಿದಾಗ ಅದಕ್ಕೆ ಹೆಸರಿರುವುದಿಲ್ಲ. 'ಲಕ್ಷ್ಮಿಯ ಮಗು' ಎಂದು ದಾಖಲಾಗುತ್ತದೆ. ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೆ ಇನ್ನೊಂದು ಕೇಂದ್ರದಲ್ಲಿ ಹೊಸ ಹೆಸರಿನಿಂದ ಮತ್ತೆ ಬರೆದರೆ, ಒಂದೇ ಮಗು ಎರಡಾಗುತ್ತದೆ. ಒಂದು ಪೂರ್ಣ ಲಸಿಕೆ ಪಡೆದ ಮಗು, ಇನ್ನೊಂದು ಎಲ್ಲ ಲಸಿಕೆ ತಪ್ಪಿಸಿಕೊಂಡ ಮಗು! ಮಲೆನಾಡಿನ ಕಣಿವೆಗಳಲ್ಲಿ ಸಂಪರ್ಕವೇ ದೊರೆಯದೆ, ಕಾಗದದಲ್ಲಿ ಬರೆದುಕೊಂಡು ಬಂದು ಸಂಜೆ ಮತ್ತೆ ಯಂತ್ರಕ್ಕೆ ತುಂಬುವ ದುಪ್ಪಟ್ಟು ಕೆಲಸವೂ ಸಹಾಯಕಿಯ ಪಾಲಿಗೆ ಬರುವುದುಂಟು.

ಇವೆಲ್ಲಕ್ಕಿಂತ ಗಂಭೀರವಾದ ಅಪಾಯ ಇನ್ನೊಂದಿದೆ. ಪಟ್ಟಿಯನ್ನು ತುಂಬಿಸಲೇಬೇಕೆಂಬ ಒತ್ತಡದಲ್ಲಿ, ಹಾಕದ ಡೋಸನ್ನು ಹಾಕಿದೆಯೆಂದು ಗುರುತು ಮಾಡಿದರೆ ಏನಾಗುತ್ತದೆ? ಖಾಲಿ ಮನೆಯನ್ನು ಕಂಡರೆ ಯಾರಾದರೂ ಆ ಮಗುವನ್ನು ಹುಡುಕುತ್ತಾರೆ. ತುಂಬಿದ ಮನೆಯನ್ನು ಕಂಡರೆ ಯಾರೂ ಹುಡುಕುವುದಿಲ್ಲ. ಆದ್ದರಿಂದ ಸುಳ್ಳು ದಾಖಲೆಯು ದಾಖಲೆಯಿಲ್ಲದಿರುವುದಕ್ಕಿಂತ ಕೆಟ್ಟದು. ಹಾಗೆಯೇ, ನೋಂದಣಿ ಸಂಖ್ಯೆಯಿಲ್ಲ, ಗುರುತಿನ ಚೀಟಿಯಿಲ್ಲ, ಯಂತ್ರ ನಡೆಯುತ್ತಿಲ್ಲ ಎಂಬ ಕಾರಣಕ್ಕೆ ಬಾಗಿಲಿಗೆ ಬಂದ ಮಗುವನ್ನು ಲಸಿಕೆಯಿಲ್ಲದೆ ಹಿಂದಕ್ಕೆ ಕಳುಹಿಸುವುದು ಪುಸ್ತಕದ ಉದ್ದೇಶವನ್ನೇ ತಲೆಕೆಳಗು ಮಾಡಿದಂತೆ. ಮೊದಲು ಲಸಿಕೆ, ಆಮೇಲೆ ಲೆಕ್ಕ.

ಜನರ ಆರೋಗ್ಯದ ವಿವರ ಅವರ ಸ್ವಂತದ ಸೊತ್ತು ಎಂಬುದನ್ನೂ ಮರೆಯಬಾರದು. ಕೋಟ್ಯಂತರ ತಾಯಂದಿರ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳು ಒಂದೆಡೆ ಸೇರಿದಾಗ ಅವುಗಳನ್ನು ಕಾಯುವ ಹೊಣೆಯೂ ಅಷ್ಟೇ ಹೆಚ್ಚುತ್ತದೆ. ೨೦೨೩ರಲ್ಲಿ ನಮ್ಮ ಸಂಸತ್ತು ವೈಯಕ್ತಿಕ ದತ್ತಾಂಶವನ್ನು ರಕ್ಷಿಸುವ ಅಧಿನಿಯಮವೊಂದನ್ನು ಅಂಗೀಕರಿಸಿತು. ತಾಯಿಯೊಬ್ಬಳು ತನ್ನ ವಿವರವನ್ನು ಕೊಡುವುದು ನಂಬಿಕೆಯಿಂದ. ಆ ನಂಬಿಕೆ ಒಮ್ಮೆ ಒಡೆದರೆ ಅವಳು ಮುಂದಿನ ಸಲ ಹೆಸರನ್ನೇ ಹೇಳಲಿಕ್ಕಿಲ್ಲ. ಆಗ ನಷ್ಟವಾಗುವುದು ಅವಳ ಮಗುವಿಗೆ.

ವಿದ್ಯಾರ್ಥಿಗಳೇ, ಈ ಲೆಕ್ಕಪುಸ್ತಕ ಹಸುಗೂಸುಗಳದು ಮಾತ್ರವೆಂದು ತಿಳಿಯಬೇಡಿ. ಹತ್ತನೆಯ ಮತ್ತು ಹದಿನಾರನೆಯ ವಯಸ್ಸಿನಲ್ಲಿ ಬೀಳಬೇಕಾದ ಧನುರ್ವಾಯು-ಗಂಟಲಮಾರಿಗಳ ಲಸಿಕೆ ನಿಮ್ಮದೇ. ಅದರಲ್ಲಿ ಒಂದು ನಿಮಗೆ ಆಗಿರಬೇಕು, ಇನ್ನೊಂದು ಹತ್ತಿರದಲ್ಲಿರಬೇಕು. ಆಗಿದೆಯೇ ಇಲ್ಲವೇ ಎಂದು ಮನೆಯಲ್ಲಿ ಕೇಳಿ, ದಾಖಲೆಯಲ್ಲಿ ನೋಡಿ ತಿಳಿದುಕೊಳ್ಳಿ. ಓದಲು ಬಾರದ ನೆರೆಮನೆಯ ತಾಯಿಗೆ ಮೊಬೈಲಿನಲ್ಲಿ ಬಂದ ಲಸಿಕೆಯ ಸಂದೇಶವನ್ನು ಓದಿ ಹೇಳಿ. ನೀವು ಶಾಲೆಗೆ ಬರುವ ದಾರಿಯಲ್ಲಿ ಹೊಸದಾಗಿ ನಾಲ್ಕು ಗುಡಿಸಲುಗಳು ಎದ್ದಿದ್ದರೆ, ಅಲ್ಲಿ ಎಳೆಯ ಮಕ್ಕಳಿದ್ದರೆ, ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಆ ಸುದ್ದಿಯನ್ನು ಮುಟ್ಟಿಸಿ. ಅವಳು ಅಲ್ಲಿಗೆ ಹೋಗಿ ಬರೆದುಕೊಳ್ಳುವ ಹೆಸರು ಇದುವರೆಗೆ ಯಾವ ಪುಸ್ತಕದಲ್ಲಿಯೂ ಇಲ್ಲದ ಹೆಸರಾಗಿರಬಹುದು. ಅಂಥ ಒಂದು ಹೆಸರು ಪಟ್ಟಿಗೆ ಸೇರಿದರೆ ಈ ಪಾಠವನ್ನು ಓದಿದುದು ಸಾರ್ಥಕವಾಗುತ್ತದೆ.

ಶಬ್ದಾರ್ಥ

ಕಿರ್ದಿ - ದಿನದಿನದ ವ್ಯವಹಾರದ ಲೆಕ್ಕ. ವಹಿ - ಲೆಕ್ಕ ಬರೆಯುವ ದೊಡ್ಡ ಪುಸ್ತಕ. ನಿರ್ಮೂಲ - ಬೇರುಸಹಿತ ಇಲ್ಲವಾಗುವುದು. ಚೊಚ್ಚಲ - ಮೊದಲ ಸಲದ. ದಾಸ್ತಾನು - ಸಂಗ್ರಹ. ದತ್ತಾಂಶ - ಸಂಗ್ರಹಿಸಿದ ವಿವರ. ಅಧಿನಿಯಮ - ಶಾಸನಸಭೆ ಅಂಗೀಕರಿಸಿದ ಕಾನೂನು

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
೧. ಸಿಡುಬಿನ ಲಸಿಕೆ ಹಾಕಿಸಿಕೊಂಡವರನ್ನು ಗುರುತಿಸುವುದು ಹೇಗೆ ಸಾಧ್ಯವಾಗುತ್ತಿತ್ತು?
೨. ಪಲ್ಸ್ ಪೋಲಿಯೋ ಕಾರ್ಯಕ್ರಮದಲ್ಲಿ ಮನೆಯ ಗೋಡೆಯ ಮೇಲೆ 'ಎಕ್ಸ್' ಎಂದು ಬರೆದರೆ ಅದರ ಅರ್ಥವೇನು?
೩. ಯು-ವಿನ್ ವ್ಯವಸ್ಥೆಯನ್ನು ಇಡೀ ದೇಶಕ್ಕೆ ಅರ್ಪಿಸಿದುದು ಯಾವಾಗ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
೧. ಬಾಣಂತಿಯು ತವರಿನಿಂದ ಗಂಡನ ಮನೆಗೆ ಮರಳಿದಾಗ ಮಗುವಿನ ಲಸಿಕೆಯ ಲೆಕ್ಕದಲ್ಲಿ ಉಂಟಾಗುವ ತೊಡಕು ಯಾವುದು?
೨. ಸಮೀಕ್ಷೆಗೂ ನೋಂದಣಿಗೂ ಇರುವ ವ್ಯತ್ಯಾಸವೇನು?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿ.
೧. 'ಸುಳ್ಳು ದಾಖಲೆಯು ದಾಖಲೆಯಿಲ್ಲದಿರುವುದಕ್ಕಿಂತ ಕೆಟ್ಟದು' - ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿ.